ಬೆರಳು ಕಾಣದ ಕೋರ್ಟು

ಸೂಗಮ್ಮನ ಬೆರಳು ಟಿವಿಯ ಗಾಜಿಗೆ ತಾಗಿ ನಿಂತಿತ್ತು. ಸುರಪುರ ಕೋರ್ಟಿನ ಆ ಸಣ್ಣ ಕೋಣೆಯಲ್ಲಿ ಅದನ್ನು ನೋಡುತ್ತಿದ್ದವಳು ಗುಮಾಸ್ತೆ ಅಲ್ಮಾಸ ಒಬ್ಬಳೇ. ಶಹಾಪುರದ ಆಚೆ, ಯಾದಗಿರಿಯ ಕೋರ್ಟ್ ಹಾಲಿನಲ್ಲಿ ಕೂತಿದ್ದ ನ್ಯಾಯಾಧೀಶರಿಗೆ ಕ್ಯಾಮೆರಾದಲ್ಲಿ ಕಾಣುತ್ತಿದ್ದದ್ದು ಮುಂದಕ್ಕೆ ಬಗ್ಗಿದ ಹೆಂಗಸಿನ ನೆತ್ತಿ ಮತ್ತು ಅರ್ಧ ಜಾರಿದ ಸೆರಗು ಮಾತ್ರ.

"ಇವ್ರೇ ನೋಡ್ರಿ ಸಾಹೇಬ್ರ," ಎಂದಳು ಸೂಗಮ್ಮ. "ಇವ್ರೇ ಹೊಡದದ್ದು."

"ಇವರು ಅಂದರೆ ಯಾರಮ್ಮ?" ನ್ಯಾಯಾಧೀಶರು ಕೇಳಿದರು. ಮೈಸೂರು ಕಡೆಯವರು, ದನಿ ಮೆತ್ತಗೆ.

"ಇಲ್ಲಿ ಕುಂತಾರಲ್ರಿ, ಇವ್ರು." ಬೆರಳು ಗಾಜಿನ ಮೇಲೆ ಎರಡು ಸಲ ಕುಟ್ಟಿತು. ಬೆರಳಿನ ಕೆಳಗೆ ಯಾದಗಿರಿಯ ಆರೋಪಿಗಳ ಕಟಕಟೆಯಿತ್ತು, ಅದರೊಳಗೆ ಇಬ್ಬರು ಗಂಡಸರಿದ್ದರು. ಬೆರಳು ತಾಗಿದ್ದು ಇಬ್ಬರಲ್ಲಿ ಹಿರಿಯನ ಎದೆಗೆ. ಅವನು ನೆಲ ನೋಡುತ್ತಾ ಕೂತಿದ್ದ.

ಹಿರಿಯನ ವಕೀಲರು ಎದ್ದು ನಿಂತರು. ಕಲಬುರಗಿಯಿಂದ ಕಾರಿನಲ್ಲಿ ಬರುವ ದೊಡ್ಡ ವಕೀಲರು. "ಮಹಾಸ್ವಾಮಿ, ಸಾಕ್ಷಿ ಟಿವಿಗೆ ಕೈ ಮಾಡ್ಯಾಳೋ, ಗೋಡಿಗೆ ಕೈ ಮಾಡ್ಯಾಳೋ, ಇಲ್ಲಿ ಕುಂತ ನಮಗ್ಯಾರಿಗೂ ಕಾಣವಲ್ದು. ಹೊಸ ನಿಯಮ ಬಂದದ್ದೇ ಇದಕ್ಕ. ಹೆಸರು ಹೇಳ್ಲಿ."

ಹಿಂದೆಲ್ಲ ಇದು ತಂಟೆಯ ವಿಷಯವೇ ಆಗಿರಲಿಲ್ಲ. ಈ ಸೀಮೆಯ ಹೆಂಗಸರು ಕೋರ್ಟಿನ ಮೆಟ್ಟಿಲು ಹತ್ತದವರೇನಲ್ಲ. ಹೊಲದ ಬದು, ಹಂಚಿಕೆ, ಹೊಡೆದಾಟ, ಏನಾದರೊಂದಕ್ಕೆ ಬಂದೇ ಬರುತ್ತಾರೆ. ಗಂಡನ ಹೆಸರು, ಮಾವನ ಹೆಸರು, ಭಾವನ ಹೆಸರು ಬಂದ ಕಡೆ ಸೆರಗು ಬಾಯಿಗೆ ಹಿಡಿದು ಬೆರಳು ತೋರಿಸುತ್ತಾರೆ. ಸಾಹೇಬರು ಆ ಬೆರಳಿನ ನೇರಕ್ಕೆ ನೋಡಿ, ಸಾಕ್ಷಿಯು ಕೈ ತೋರಿಸಿ ಗುರುತಿಸಿದಳು ಎಂದು ಟೈಪಿಸ್ಟಿಗೆ ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಅಜ್ಜಿಯರ ಕಾಲದಿಂದ ಕೋರ್ಟುಗಳು ಹಾಗೇ ನಡೆದಿದ್ದವು.

ಈ ವರ್ಷ ಕೋರ್ಟಿನ ಕಾರ್ಯವಿಧಾನದ ನಿಯಮಗಳನ್ನು ಪರಿಷ್ಕರಿಸಿ ಹೊಸ ಪುಸ್ತಕ ಕಳಿಸಿದ್ದರು. ಊರೂರಿನ ಗುಮಾಸ್ತರನ್ನು ಕೂರಿಸಿ ತರಬೇತಿಯನ್ನೂ ಕೊಟ್ಟರು. ಹೆದರಿಕೆ ಇರುವ ಸಾಕ್ಷಿ ಹತ್ತಿರದ ಕೋರ್ಟಿನ ಕೋಣೆಯಲ್ಲಿ ಕೂತು ಟಿವಿಯಲ್ಲಿ ಸಾಕ್ಷಿ ಹೇಳಬಹುದು. ಕೋಣೆಯಲ್ಲಿ ಸಾಕ್ಷಿ ಮತ್ತು ಒಬ್ಬ ಗುಮಾಸ್ತ ಬಿಟ್ಟರೆ ಯಾರೂ ಇರಕೂಡದು. ಕೋರ್ಟು ಕೇಳದೆ ಗುಮಾಸ್ತ ಸಾಕ್ಷಿಯ ಜೊತೆ ತುಟಿ ಬಿಚ್ಚಕೂಡದು, ತಲೆ ಅಲ್ಲಾಡಿಸಕೂಡದು. ಬೇರೆಲ್ಲೋ ಒಂದು ಮೊಕದ್ದಮೆಯಲ್ಲಿ ಸಾಕ್ಷಿ ಟಿವಿಗೆ ಬೆರಳು ತೋರಿಸಿದ್ದು ಯಾರಿಗೆ ಎಂಬ ಜಗಳ ಮೇಲಿನ ಕೋರ್ಟಿನವರೆಗೆ ಹೋಗಿ, ಶಿಕ್ಷೆಯೇ ಬಿದ್ದುಹೋಗಿತ್ತಂತೆ. ಅದಕ್ಕಾಗಿ ಇನ್ನೊಂದು ಸಾಲು ಸೇರಿಸಿದ್ದರು: ದೂರದಿಂದ ಸಾಕ್ಷಿ ಹೇಳುವವರು ಆರೋಪಿಯನ್ನು ಹೆಸರು ಹೇಳಿಯೇ ಗುರುತಿಸಬೇಕು, ಕೈಸನ್ನೆಯಿಂದಲೂ ಸಂಬಂಧದಿಂದಲೂ ಅಲ್ಲ. ಪುಣ್ಯಾತ್ಮರು ಎಲ್ಲವನ್ನೂ ಯೋಚನೆ ಮಾಡಿದ್ದರು. ಕರೆಂಟು ಹೋದರೆ ಏನು, ನೆಟ್ ಹೋದರೆ ಏನು, ಸಾಕ್ಷಿಗೆ ಕೆಮ್ಮು ಬಂದರೆ ಏನು. ಗಂಡನ ಹೆಸರು ಬಾಯಿಂದ ಬರದ ಹೆಂಗಸು ಆ ಕುರ್ಚಿಯಲ್ಲಿ ಬಂದು ಕೂತರೆ ಏನು ಮಾಡಬೇಕೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಬರೆದವರ ಮನೆಯ ಹೆಂಗಸರು ಗಂಡಂದಿರನ್ನು ಹೆಸರು ಹಿಡಿದು ಕೂಗುತ್ತಿದ್ದರೋ ಏನೋ.

ಸೂಗಮ್ಮ ಬೆರಳು ತೆಗೆದು ಕುರ್ಚಿಯ ತುದಿಯಲ್ಲಿ ಕೂತಳು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಬಾಗಿಲ ಹೊರಗೆ ಬೆಂಚಿನ ಮೇಲೆ ಅವಳ ತಮ್ಮ ಲಿಂಗಣ್ಣ ಕೂತಿದ್ದ, ಅವನ ಕೆಮ್ಮು ಆಗಾಗ ಒಳಗೆ ಕೇಳುತ್ತಿತ್ತು.

ಯಾದಗಿರಿಯ ಹಾಲಿನಲ್ಲಿ ಸರ್ಕಾರಿ ವಕೀಲೆ ನಾಗರತ್ನಾ ಮೈಕಿನ ಹತ್ತಿರ ಬಂದರು. "ಸೂಗಮ್ಮ, ಅಂಜಬ್ಯಾಡ್ರಿ. ಅವತ್ತು ದೇವಾಪುರದ ಕಾಲವಿ ಹತ್ರ ನೀವು ಬುತ್ತಿ ತಗೊಂಡು ಹೋಗಿದ್ರಿ. ಸಾಬಣ್ಣ ನೀರು ತಿರುವಿಕೊಳ್ಳಾಕ ಬಂದಿದ್ದ. ಅವನ ತಲಿಗೆ ಸಲಕಿ ಕಾವಿನಿಂದ ಹೊಡದವರು ಯಾರು?"

"ನಮ್ಮ ಮನಿಯವ್ರು ರಿ."

"ಆಕ್ಷೇಪ," ಎಂದರು ದೊಡ್ಡ ವಕೀಲರು. "ಕಟಕಟೆದಾಗ ಇದ್ದವರು ಇಬ್ರೂ ಆ ಮನಿಯವರೇ."

"ನನ್ನ ಗಂಡ ರಿ," ಎಂದಳು ಸೂಗಮ್ಮ. ಅಷ್ಟು ಹೇಳುವುದರೊಳಗೆ ಅವಳ ಕುತ್ತಿಗೆ ಕೆಂಪಾಗಿತ್ತು.

"ಸಂಬಂಧ ಹೇಳಿದ್ರ ನಡಿಯೂದಿಲ್ಲ ಮಹಾಸ್ವಾಮಿ. ನಿಯಮ ಅಂದ್ರ ನಿಯಮ."

ನಾಗರತ್ನಾ ಸೋಲಲಿಲ್ಲ. ಕ್ಯಾಮೆರಾವನ್ನು ಒಬ್ಬೊಬ್ಬ ಆರೋಪಿಯ ಮುಖಕ್ಕೆ ಹಿಡಿಯಲಿ, ಇವನೇನಾ ಎಂದು ತಾನು ಕೇಳುತ್ತೇನೆ, ಅವಳು ಹೌದು ಅಲ್ಲ ಎಂದರೆ ಸಾಕು ಎಂದು ಬೇಡಿದರು. ಉತ್ತರವನ್ನು ಬಾಯಿಗಿಟ್ಟು ಪ್ರಶ್ನೆ ಕೇಳಿದ ಹಾಗಾಗುತ್ತದೆ ಎಂದು ದೊಡ್ಡ ವಕೀಲರು ಅದಕ್ಕೂ ಅಡ್ಡ ಬಂದರು. ನ್ಯಾಯಾಧೀಶರು ಹೊಸ ಪುಸ್ತಕವನ್ನು ತಿರುವಿ ಹಾಕಿ, ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. "ವಕೀಲರು ಹೇಳೋದು ಸರಿ ಇದೆ, ಮೇಡಂ. ನಾನು ಬಿಟ್ಟರೂ ಮೇಲಿನ ಕೋರ್ಟು ಬಿಡೋದಿಲ್ಲ. ಅಷ್ಟೂ ಸಾಕ್ಷ್ಯ ನೀರಿನಲ್ಲಿ ಹೋಮ ಆಗುತ್ತೆ."

ಸೂಗಮ್ಮನಿಗೆ ಈ ಕಾನೂನಿನ ಮಾತು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಿಳಿದದ್ದು ಒಂದೇ. ಬಾಯಿಂದ ಆ ಹೆಸರು ಬರದಿದ್ದರೆ ಶಿವರಾಜ ಉಳಿಯುವುದಿಲ್ಲ.

ಕಟಕಟೆಯಲ್ಲಿ ಗಂಡನ ಪಕ್ಕ ಕೂತಿದ್ದವನು ಶಿವರಾಜ, ಗಂಡನ ತಮ್ಮ. ಸೂಗಮ್ಮ ಆ ಮನೆಗೆ ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಏರಿಸಿಕೊಳ್ಳಲು ಬಾರದ ಹುಡುಗ. ತಾಯಿ ಸತ್ತಿದ್ದಳು. ರೊಟ್ಟಿಗೆ ತುಪ್ಪ ಹಚ್ಚಿ ಉಣಿಸಿದವಳು, ಶಾಲೆಗೆ ಕಳಿಸಿದವಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಇವಳೇ. ಅವತ್ತು ಕಾಲುವೆಯ ಹತ್ತಿರ, ನೀರಿನ ಪಾಳಿ ಸಾಬಣ್ಣನದು ಎಂದು ಗೊತ್ತಿದ್ದೂ ಗಂಡ ಅವನ ಮೇಲೆ ಸಲಿಕೆ ಎತ್ತಿದಾಗ, "ಬ್ಯಾಡಣ್ಣ, ಬ್ಯಾಡಣ್ಣ" ಎಂದು ಕೈಗೆ ಜೋತುಬಿದ್ದವನು ಶಿವರಾಜ. ಒಂದು ಏಟಿಗೆ ಅಡ್ಡ ಬಂದ ಅವನ ಮುಂಗೈಯೂ ಒಡೆಯಿತು. ಎರಡನೆಯ ಏಟಿಗೆ ಸಾಬಣ್ಣ ಕಾಲುವೆಯ ದಂಡೆಯಲ್ಲಿ ಕುಸಿದ. ಕಲಬುರಗಿಗೆ ಒಯ್ಯುವಾಗ ದಾರಿಯಲ್ಲೇ ಜೀವ ಹೋಯಿತು.

ಸಾಬಣ್ಣನ ಹೆಂಡತಿ ಹಣಮಮ್ಮ ಸೂಗಮ್ಮನ ಹೊಲದಲ್ಲೇ ಹತ್ತಿ ಬಿಡಿಸಿದವಳು, ಕಳೆ ತೆಗೆದವಳು. ಮಣ್ಣು ಮಾಡಿದ ಮರುದಿನ ಹಣಮಮ್ಮ ಮನೆಯ ಮುಂದೆ ಬಂದು ನಿಂತಳು. ಅಳಲಿಲ್ಲ, ಬೈಯಲಿಲ್ಲ. "ಅವ್ವಾರ, ನೀವು ನೋಡೀರೇನ್ರಿ?" ಎಂದು ಕೇಳಿದಳು. ಒಳಗಿನಿಂದ ಗಂಡ ಕೆಮ್ಮಿದ್ದು ಕೇಳಿದರೂ ಸೂಗಮ್ಮ "ಹೂಂ" ಎಂದುಬಿಟ್ಟಳು. ಆ ಒಂದು ಹೂಂ ಮನೆಯನ್ನು ಎರಡು ಮಾಡಿತು. ಪೊಲೀಸರು ಬಂದು ಅಣ್ಣ ತಮ್ಮ ಇಬ್ಬರನ್ನೂ ಹಿಡಿದರು. ಇಬ್ಬರೂ ಜಾಮೀನಿನ ಮೇಲೆ ಹೊರಗೆ ಬಂದ ಮೇಲೆ ಗಂಡ ತಮ್ಮನನ್ನು ಪಡಸಾಲೆಯಲ್ಲಿ ಕೂರಿಸಿ ಹೇಳಿದ್ದನ್ನು ಸೂಗಮ್ಮ ಅಡುಗೆಮನೆಯಿಂದ ಕೇಳಿದ್ದಳು. "ನಿಂಗ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ನೀ ಮೈಮ್ಯಾಲ ಹಾಕ್ಕೊಂಡ್ರ ಮನಿ ಉಳೀತದ." ಅಣ್ಣ ಹಾಕಿದ ಗೆರೆ ದಾಟದ ಶಿವರಾಜ ತಲೆ ಬಗ್ಗಿಸಿ "ಆತಣ್ಣ" ಎಂದಿದ್ದ. ಸೂಗಮ್ಮನಿಗೆ ಗಂಡನ ಮೇಲೆ ಮೊದಲ ಸಲ ಅಸಹ್ಯ ಹುಟ್ಟಿದ್ದು ಆಗ. ಮರುದಿನವೇ ರಂಗಂಪೇಟೆಯ ತವರಿಗೆ ಬಂದುಬಿಟ್ಟಳು.

ಹಿಂದಿನ ತಾರೀಖಿಗೆ ಯಾದಗಿರಿಗೆ ಹೊರಟವಳನ್ನು ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಗಂಡನ ಕಡೆಯವರು ಇಳಿಸಿಕೊಂಡಿದ್ದರು. ಹೊಡೆಯಲಿಲ್ಲ, ಬೈಯಲಿಲ್ಲ. ಚಹಾ ಕುಡಿಸಿ, ಬಾಳೆಹಣ್ಣು ಕೈಗಿಟ್ಟು, ತಿರುಗಿ ಹೋಗುವ ಬಸ್ಸಿಗೆ ಹತ್ತಿಸಿದ್ದರು. ಬಸ್ಸಿನ ಕಿಟಕಿಗೆ ಮುಖವಿಟ್ಟು ಒಬ್ಬ, "ಮುತ್ತೈದಿ ಆಗಿ ಇರ್ರಿ ವೈನಿ, ಅದಾ ಛಲೋ," ಎಂದಿದ್ದ. ಅದನ್ನು ಕೇಳಿಯೇ ನಾಗರತ್ನಾ ಹೊಸ ನಿಯಮದ ಪ್ರಕಾರ ಅರ್ಜಿ ಹಾಕಿ ಸುರಪುರದ ಕೋಣೆ ಕೊಡಿಸಿದ್ದರು. ರಂಗಂಪೇಟೆಯಿಂದ ಸುರಪುರ ಕೋರ್ಟಿಗೆ ನಡೆದುಕೊಂಡೇ ಬರಬಹುದು, ಯಾವ ಬಸ್ ಸ್ಟ್ಯಾಂಡೂ ದಾಟಬೇಕಿಲ್ಲ. ನಿಯಮ ಅವಳನ್ನು ಕಾಯಲು ಬಂದದ್ದು ಸುಳ್ಳಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ ಅದರ ಬಾಲದಲ್ಲೇ ಇನ್ನೊಂದು ಸಾಲಿತ್ತು, ಅಷ್ಟೇ.

ಲಿಂಗಣ್ಣ ಬೆಳಿಗ್ಗೆ ದಾರಿಯುದ್ದಕ್ಕೂ ಸುಮ್ಮನಿದ್ದು, ಕೋರ್ಟಿನ ಗೇಟಿನಲ್ಲಿ ಬಾಯಿ ತೆರೆದಿದ್ದ. ರಂಗಂಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟವನು, ಮಾವನ, ಅಂದರೆ ಅಕ್ಕನ ಗಂಡನ, ಕೈ ಇಲ್ಲದೆ ಅವನ ಅಂಗಡಿ ನಡೆಯದು. "ಏನರ ಹೇಳು ಅಕ್ಕ, ನಾ ಬ್ಯಾಡ ಅನ್ನಂಗಿಲ್ಲ. ಆ ಹೆಸರು ನಿನ್ನ ಬಾಯಾಗ ಬರಂಗಿಲ್ಲಂತ ಮಾವನ ವಕೀಲ್ರಿಗೆ ನಾನೇ ಹೇಳೇನಿ." ಅಷ್ಟೂ ಹೇಳಿ ಅಕ್ಕನ ಮುಖ ನೋಡಲಾರದೆ ಬೇವಿನ ಮರದ ಕಡೆ ತಿರುಗಿದ್ದ. ಆಗ ಅವಳಿಗೆ ಅರ್ಥವಾಗಿರಲಿಲ್ಲ. ಈಗ ಆಗುತ್ತಿತ್ತು. ತವರಿನವನೇ ಅವಳ ಬಾಯಿಯ ಬೀಗದ ಕೈ ತೆಗೆದುಕೊಂಡು ಹೋಗಿ ಕೊಟ್ಟಿದ್ದ.

"ಅಮ್ಮ, ಕೇಳಿಸ್ತಾ ಇದೆಯಾ?" ನ್ಯಾಯಾಧೀಶರ ದನಿ.

"ಕೇಳಸ್ತದ್ರಿ."

"ಹೊಡೆದವರ ಹೆಸರು ಹೇಳಬೇಕು. ಒಂದೇ ಸಲ ಹೇಳಿದರೆ ಸಾಕು."

ಸೂಗಮ್ಮ ಬಾಯಿ ತೆರೆದಳು. "ಶಿವರಾಜ ಹೊಡದಿಲ್ರಿ ಸಾಹೇಬ್ರ," ಎಂದಳು ಒಂದೇ ಉಸಿರಿಗೆ. "ಶಿವರಾಜ ಬಿಡಸಾಕ ಹೋಗಿದ್ದ. ಶಿವರಾಜನ ಕೈಗೇ ಪೆಟ್ಟಾತ್ರಿ. ಅವನ ತಪ್ಪಿಲ್ರಿ."

ಮೈದುನನ ಹೆಸರು ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಎತ್ತಿ ಆಡಿಸಿದ ಹುಡುಗನ ಹೆಸರು ಅದು, ತಾನಾಗಿ ಬಂತು. ಅಷ್ಟಕ್ಕೇ ಕಾದಿದ್ದವರಂತೆ ದೊಡ್ಡ ವಕೀಲರು ಕೋಟು ಸರಿಮಾಡಿಕೊಂಡರು.

"ಮಹಾಸ್ವಾಮಿ, ಒಂದು ವಿನಂತಿ. ಇಷ್ಟೊತ್ತಿನ ತನಕ ಸಾಕ್ಷಿ ಬಾಯಿಂದ ಬಂದ ಹೆಸರು ಒಂದೇ. ಶಿವರಾಜ. ಸಲಕಿ ಹತ್ರ ಇದ್ದದ್ದು, ಕೈಗೆ ಗಾಯ ಆಗಿದ್ದು, ಎಲ್ಲಾ ಅವನದೇ. ನನ್ನ ಕಕ್ಷಿದಾರರ ಹೆಸರು ಎಲ್ಲೂ ಇಲ್ಲ. ದಯಮಾಡಿ ಹಾಗೇ ಬರಕೋಬೇಕು."

ಟೈಪಿಸ್ಟನ ಬೆರಳು ಓಡಿದ್ದು ಸುರಪುರದ ಕೋಣೆಯವರೆಗೂ ಟಕಟಕ ಎಂದು ಕೇಳಿಸಿತು. ಶಿವರಾಜನಿಗೆ ಕೋರ್ಟೇ ಕೊಟ್ಟಿದ್ದ ಎಳೆಯ ವಕೀಲ ಎದ್ದು ನಿಂತ, ಮತ್ತೆ ಕೂತ. ಶಿವರಾಜ ಮಾತ್ರ ಟಿವಿಯ ಕಡೆಗೆ, ಅಂದರೆ ತನ್ನ ಅತ್ತಿಗೆಯ ಕಡೆಗೆ, ತಲೆ ಎತ್ತಿ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೋಗಲಿ ಬಿಡ್ರಿ ಎಂಬಂಥ ನೋಟ. ಅದನ್ನು ಕಂಡು ಸೂಗಮ್ಮ ಟಿವಿಯ ಕಡೆ ಬಗ್ಗಿದಳು.

"ಹಂಗಲ್ರಿ," ಎಂದಳು. "ನಾ ಹಂಗ ಹೇಳಿಲ್ರಿ."

"ಹಾಗಾದರೆ ಹೇಗೆ ಅಂತ ನೀವೇ ಹೇಳಬೇಕಮ್ಮ."

"ಹೆಸರ ಹಿಡದ್ರ ಅವ್ರ ಆಯುಷ್ಯ ಕಮ್ಮಿ ಆಗ್ತದಂತ ಹೇಳ್ಯಾರ್ರಿ. ನಮ್ಮವ್ವ ಹಿಡದಿಲ್ಲ, ನಮ್ಮತ್ತಿ ಹಿಡದಿಲ್ಲ. ನಾ ಹ್ಯಾಂಗ ಹಿಡೀಲಿ."

ದೊಡ್ಡ ವಕೀಲರಿಗೆ ಇದ್ದಕ್ಕಿದ್ದ ಹಾಗೆ ಹೆಣ್ಣುಮಕ್ಕಳ ಮೇಲೆ ಕರುಣೆ ಉಕ್ಕಿತು. "ಪಾಪ, ಹಳ್ಳಿ ಹೆಣ್ಣಮಗಳು. ಆಕಿ ನಂಬಿಕಿಗೆ ಧಕ್ಕಾ ಮಾಡೂದು ಸರಿ ಅಲ್ಲ ಮಹಾಸ್ವಾಮಿ. ಒತ್ತಾಯ ಬ್ಯಾಡ. ಸಾಕ್ಷಿ ಮುಗೀತಂತ ಬರಕೊಳ್ಳೂಣು."

ನಾಗರತ್ನಾ ಸಿಟ್ಟಿನಿಂದ ಏನೋ ಹೇಳಹೋದರು. ನ್ಯಾಯಾಧೀಶರು ಕೈ ಎತ್ತಿ ತಡೆದರು. "ಅಮ್ಮ, ಇನ್ನೊಂದು ದಾರಿ ಇದೆ," ಎಂದರು. "ಇವತ್ತಿಗೆ ನಿಲ್ಲಿಸೋಣ. ಮುಂದಿನ ವಾರ ನೀವೇ ಯಾದಗಿರಿಗೆ ಬನ್ನಿ. ಇಲ್ಲಿ ನಿಂತು, ನನ್ನ ಕಣ್ಣೆದುರಿಗೆ ಕೈ ತೋರಿಸಿ. ಹಳೆಯ ಪದ್ಧತಿಗೆ ಯಾವ ಅಡ್ಡಿಯೂ ಇಲ್ಲ. ಐದು ನಿಮಿಷ ಕೊಡ್ತೀನಿ, ಯೋಚನೆ ಮಾಡಿ ಹೇಳಿ."

ಯಾದಗಿರಿಯವರು ಮೈಕು ಬಂದ್ ಮಾಡಿದರು. ಟಿವಿಯಲ್ಲಿ ಜನ ಬಾಯಿ ಆಡಿಸುತ್ತಿದ್ದರು, ದನಿ ಇರಲಿಲ್ಲ. ಕ್ಯಾಮೆರಾದ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು.

ಮುಂದಿನ ವಾರ ಎಂಬುದು ಇಲ್ಲವೆಂದು ಸೂಗಮ್ಮನಿಗೆ ಗೊತ್ತಿತ್ತು. ಶಹಾಪುರದಲ್ಲಿ ಈ ಸಲ ಚಹಾ ಬಾಳೆಹಣ್ಣಿಗೆ ಮುಗಿಯುವುದಿಲ್ಲ. ಅಷ್ಟೇಕೆ, ಲಿಂಗಣ್ಣ ರಂಗಂಪೇಟೆಯಿಂದಲೇ ಕಾಲು ಹೊರಗಿಡಗೊಡುವುದಿಲ್ಲ. ಹೇಳುವುದಿದ್ದರೆ ಇವತ್ತು, ಈ ಕುರ್ಚಿಯಲ್ಲಿ.

ಬಾಗಿಲು ಕಿರ್ ಎಂದಿತು. ಲಿಂಗಣ್ಣ ಅರ್ಧ ಮೈ ಒಳಗೆ ಹಾಕಿದ. "ಮುಗೀತೇನ್ರಿ ಮೇಡಂ? ಅಕ್ಕ, ನಡಿ, ಬಿಸಲಾತು."

ಅಲ್ಮಾಸ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು. "ಹೊರಗ ಕುಂದರ್ರಿ. ಒಳಗ ಬಂದ್ರ ನಿಮ್ಮ ಮ್ಯಾಲೂ ಕೇಸ್ ಆಗ್ತದ."

"ನಾ ಏನೂ ಮಾತಾಡಿಲ್ಲಲ್ರಿ."

"ಹೊರಗ ಕುಂದರ್ರಿ ಅಂದೆ."

ಅವನನ್ನು ದಬ್ಬಿದ ಹಾಗೆ ಬಾಗಿಲು ಹಾಕಿ, ಅಗಳಿಯನ್ನೂ ಹಾಕಿ ಅಲ್ಮಾಸ ಬಂದು ಕೂತಳು. ಹೂಜಿಯಿಂದ ನೀರು ಬಗ್ಗಿಸಿ ಸೂಗಮ್ಮನ ಮುಂದಿಟ್ಟಳು. ನೀರು ಕೊಡಬಹುದು ಎಂದು ಪುಸ್ತಕದಲ್ಲಿತ್ತು.

ಸೂಗಮ್ಮ ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಯವ್ವಾ, ನಿಮ್ಮವ್ವ ನಿಮ್ಮಪ್ಪನ ಹೆಸರ ಹಿಡೀತಾಳೇನು?" ಎಂದು ಕೇಳಿದಳು.

ಅಲ್ಮಾಸ ಕೆಂಪು ದೀಪ ನೋಡಿದಳು. ಉತ್ತರ ಕೊಡುವ ಹಾಗಿರಲಿಲ್ಲ, ತಲೆ ಅಲ್ಲಾಡಿಸುವ ಹಾಗೂ ಇರಲಿಲ್ಲ. ಅವಳ ತಾಯಿ ಮುನ್ನಿಬೀ ರೇಷನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ, ಗಂಡನ ಹೆಸರು ಕೇಳಿದ ಕಡೆಯಲ್ಲೆಲ್ಲ ಮಗಳನ್ನು ಮುಂದೆ ತಳ್ಳುತ್ತಿದ್ದಳು. ಅಲ್ಮಾಸ ಮಾತು ಕಲಿತಾಗಿನಿಂದ ಮಾಡಿದ ಮೊದಲ ನೌಕರಿಯೇ ಅದು, ಅವ್ವನ ಪರವಾಗಿ ಅಪ್ಪನ ಹೆಸರು ಹೇಳುವುದು. ಈಗಲೂ ಮಾಡುತ್ತಾಳೆ. ಎದುರಿಗೆ ಕೂತ ಹೆಂಗಸಿನ ಗಂಡನ ಹೆಸರು ಅವಳ ಮುಂದಿನ ಕಾಗದದಲ್ಲಿ ದಪ್ಪ ಅಕ್ಷರದಲ್ಲಿತ್ತು. ಬೆರಳು ಯಾರ ಎದೆಗೆ ತಾಗಿತ್ತೆಂದೂ ಕಣ್ಣಾರೆ ಕಂಡಿದ್ದಳು. ಒಂದು ಉಸಿರಿನ ಕೆಲಸ. ಹೇಳಿದರೆ ನೌಕರಿ ಹೋಗುತ್ತದೆ, ಅದಕ್ಕಿಂತ ಮೊದಲು ಸಾಕ್ಷ್ಯವೇ ಬಿದ್ದುಹೋಗುತ್ತದೆ. ಅಲ್ಮಾಸ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಾ ಕೂತಳು. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

"ಹಿಡಿಯಂಗಿಲ್ಲ," ಎಂದು ಸೂಗಮ್ಮ ತಾನೇ ಉತ್ತರ ಹೇಳಿಕೊಂಡಳು.

ಟಿವಿಯಲ್ಲಿ ಮತ್ತೆ ದನಿ ಬಂತು. "ಏನು ಯೋಚನೆ ಮಾಡಿದಿರಿ ಅಮ್ಮ? ಮುಂದಿನ ವಾರ ಬರ್ತೀರಾ?"

"ಬರಾಕ ಆಗಂಗಿಲ್ರಿ."

"ಹಾಗಾದರೆ?"

ಸೂಗಮ್ಮ ಟಿವಿಯನ್ನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಳು. ಯಾರೂ ಎಣಿಸದ ಒಂದು ದನಿಯಲ್ಲಿ, ವಯಸ್ಸಿಗೆ ತಕ್ಕದ್ದಲ್ಲದ ಎಳೆಯ ದನಿಯಲ್ಲಿ ಶುರುಮಾಡಿದಳು.

"ಹತ್ತಿಯ ಹೊಲದಾಗ ಮುತ್ತ ಆರಿಸೇನಿ, ಹೊತ್ತ ಮುಳುಗೂತನ ದಾರಿ ಕಾದೇನಿ, ಹೊಸ್ತಿಲ ಬಿಡ್ರೆವ್ವ, ರೇವಣಸಿದ್ದರ ಸಂಗಾಟ ಬಾಳಾಕ ಬಂದೇನಿ."

ಯಾದಗಿರಿಯ ಹಾಲಿನಲ್ಲಿ ಯಾರೋ ನಕ್ಕರು. ನಗು ಹುಟ್ಟಿದಲ್ಲೇ ನಿಂತುಹೋಯಿತು. ನ್ಯಾಯಾಧೀಶರು ನಾಗರತ್ನಾರ ಕಡೆ ನೋಡಿದರು. "ಏನಿದು ಮೇಡಂ?"

"ಒಡಪು ಸರ್," ಎಂದರು ನಾಗರತ್ನಾ. "ನಮ್ಮ ಕಡೆ ಮದುಮಗಳು ಗಂಡನ ಮನಿ ಒಳಗ ಬರೂ ಮುಂದ ಹೆಣ್ಮಕ್ಕಳು ಹೊಸ್ತಿಲಿಗೆ ಅಡ್ಡ ನಿಂದರ್ತಾರ. ಗಂಡನ ಹೆಸರು ಹಾಡಿನಾಗ ಸೇರಿಸಿ ಹೇಳಿದ್ರನ ಒಳಗ ಬಿಡೂದು. ಹೆಸರು ಹೇಳಾಕ ಹೆಂಗಸರಿಗೆ ಇರೂ ರಸ್ತಾ ಅದೊಂದೇ ಸರ್."

"ಹೆಸರು ಬಂತಲ್ಲ," ಎಂದರು ನ್ಯಾಯಾಧೀಶರು. ದನಿಯಲ್ಲಿ ನಿರಾಳವಿತ್ತು.

ದೊಡ್ಡ ವಕೀಲರು ಆಗಲೇ ನಿಂತಿದ್ದರು. "ಬಂದದ್ದು ಹಾಡು ಮಹಾಸ್ವಾಮಿ, ಸಾಕ್ಷ್ಯ ಅಲ್ಲ. ರೇವಣಸಿದ್ದರ ಸಂಗಾಟ ಬಾಳಾಕ ಬಂದೇನಿ ಅಂದಳೇ ಹೊರತು ರೇವಣಸಿದ್ದ ಹೊಡದ ಅಂದಿಲ್ಲ. ಮದುವಿ ಆಗೂದು ಅಪರಾಧ ಅಲ್ಲ. ಇದನ್ನ ಹಿಡಕೊಂಡು ಒಬ್ಬ ಮನುಷ್ಯಾನ್ನ ಜನ್ಮಪೂರ್ತಿ ಜೈಲಿಗೆ ಹಾಕಾಕ ಬರೂದಿಲ್ಲ."

ಹಾಲಿನ ಹಿಂದಿನ ಬೆಂಚಿನಲ್ಲಿ, ಟಿವಿಯ ಮೂಲೆಯಲ್ಲಿ, ಹಣಮಮ್ಮ ಕಾಣುತ್ತಿದ್ದಳು. ಅವಳು ಮುಂದಿನ ಬೆಂಚಿನ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ನ್ಯಾಯಾಧೀಶರು ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟರು.

"ಅಮ್ಮ," ಎಂದರು. "ನಿಮಗೆ ಕಷ್ಟ ಅಂತ ನನಗೆ ಗೊತ್ತಾಗ್ತಿದೆ. ನನ್ನ ಕೈಯೂ ಕಟ್ಟಿದೆ. ಹಾಡು ಬೇಡ. ಇನ್ನೊಂದೇ ಸಲ ಕೇಳ್ತೀನಿ, ನೀವು ಹೇಳಿದರೂ ಸರಿ, ಬಿಟ್ಟರೂ ಸರಿ. ಸಾಬಣ್ಣನನ್ನು ಹೊಡೆದವರು ಯಾರು?"

ಸೂಗಮ್ಮ ಕಣ್ಣು ಬಿಟ್ಟಳು. ಈಗ ಅವಳು ಟಿವಿಯನ್ನೇ ನೋಡಿದಳು. ಒಬ್ಬ ನೆಲ ನೋಡುತ್ತಿದ್ದ, ಇನ್ನೊಬ್ಬ ಅವಳನ್ನು ನೋಡುತ್ತಿದ್ದ. ಹೊರಗೆ ಲಿಂಗಣ್ಣ ಬಾಗಿಲನ್ನು ಮೆಲ್ಲಗೆ ತಟ್ಟಿ "ಅಕ್ಕಾ" ಎಂದ. ಅವಳಿಗೆ ಅದು ಕೇಳಿಸಿತು. ಗಂಡನ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಆ ಹೊತ್ತಿನಲ್ಲಿ ಭಯವಾಗಿತ್ತು, ಬಾವಿಯ ಕಟ್ಟೆಯ ಮೇಲೆ ನಿಂತಾಗ ಆಗುವಂಥ ಭಯ. ಕಾಲಿನ ಹೆಬ್ಬೆರಳು ನೆಲಕ್ಕೆ ಒತ್ತಿ ಹಿಡಿದಳು.

"ರೇವಣಸಿದ್ದ," ಎಂದಳು.

ಜೋರಾಗಿ ಅಲ್ಲ. ಹಿಂದೆ ಮುಂದೆ ಏನೂ ಸೇರಿಸದೆ, ಹಿತ್ತಿಲಲ್ಲಿ ಇದ್ದವರನ್ನು ಊಟಕ್ಕೆ ಕರೆದ ಹಾಗೆ.

"ಓ," ಎಂದಿತು ಕಟಕಟೆ.

ನೆಲ ನೋಡುತ್ತಿದ್ದವನು ತಲೆ ಎತ್ತಿದ್ದ. ಓಗೊಟ್ಟದ್ದು ತಾನೇ ಎಂದು ಅವನಿಗೆ ತಿಳಿದಂತೆ ಕಾಣಲಿಲ್ಲ. ಇಷ್ಟು ವರ್ಷ ಕೂಡಿ ಬಾಳಿದ ಆ ದನಿಯಲ್ಲಿ ತನ್ನ ಹೆಸರನ್ನು ಅವನು ಹೀಗೆ ಕೇಳಿದ್ದು ಅದೇ ಮೊದಲು. ಎಲ್ಲಿಂದ ಕರೆದಳೆಂದು ಹುಡುಕುವವನ ಹಾಗೆ ಬಾಗಿಲ ಕಡೆ ನೋಡಿದ, ಸಾಹೇಬರ ಕಡೆ ನೋಡಿದ, ಕೊನೆಗೆ ಟಿವಿಯ ಕಡೆ ನೋಡಿ ಎದ್ದು ನಿಂತ. ದೊಡ್ಡ ವಕೀಲರು ಅರ್ಧ ಎತ್ತಿದ ಕೈಯನ್ನು ಇಳಿಸುವುದನ್ನು ಮರೆತರು. ಟೈಪಿಸ್ಟು ಸಾಹೇಬರ ಮುಖ ನೋಡಿದ. "ಬರೆದುಕೊಳ್ಳಿ," ಎಂದರು ಅವರು, ಪಿಸುಮಾತಿಗಿಂತ ತುಸು ಗಟ್ಟಿಯಾಗಿ.

"ಇವ್ರೇ ರಿ," ಎಂದಳು ಸೂಗಮ್ಮ. "ರೇವಣಸಿದ್ದ. ಇವ್ರೇ ಹೊಡದ್ರು. ಸಾಬಣ್ಣ ಸತ್ತದ್ದು ಇವ್ರ ಏಟಿಗೆ."

ಹೇಳುತ್ತಿರುವಾಗಲೇ ಅವಳು ಕುರ್ಚಿಯಿಂದ ಎದ್ದಿದ್ದಳು. ಅವನು ನಿಂತಿರುವಾಗ ಅವಳು ಕೂತು ಮಾತಾಡಿದವಳಲ್ಲ, ಮೈ ತಾನಾಗಿ ಎದ್ದಿತ್ತು. ಅಲ್ಮಾಸ ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಲು ಕೈ ಚಾಚಿ, ಹಾಗೆ ಮಾಡಬಹುದೋ ಇಲ್ಲವೋ ತಿಳಿಯದೆ ಹಿಂದಕ್ಕೆ ಎಳೆದುಕೊಂಡಳು.

"ಅಮ್ಮ, ಕೂತುಕೊಂಡು ಹೇಳಿ. ಮುಖ ಕಾಣ್ತಾ ಇಲ್ಲ," ಎಂದರು ನ್ಯಾಯಾಧೀಶರು.

ಟಿವಿಯ ಕೆಳಗಡೆ ಸುರಪುರ ಎಂದು ಬರೆದಿದ್ದ ಸಣ್ಣ ಚೌಕದಲ್ಲಿ ಈಗ ಕೈಮಗ್ಗದ ಸೀರೆಯ ನಿರಿಗೆಗಳು ಮತ್ತು ಮೇಜಿನ ಅಂಚು ಹಿಡಿದ ಎರಡು ಕೈಗಳು ಮಾತ್ರ ಇದ್ದವು. ಯಾದಗಿರಿಯಲ್ಲಿ ಎಲ್ಲರೂ ಆ ಕೈಗಳನ್ನು ನೋಡುತ್ತಿದ್ದರು. ಸಾಹೇಬರು ಇನ್ನೊಮ್ಮೆ ಕೂರಲು ಹೇಳಿದರು. ಕೈಗಳು ಮೇಜನ್ನು ಬಿಡಲಿಲ್ಲ.